ಅಪ್ಪು ಹೆಸರು ಬರೀ ಪ್ರಚಾರವಲ್ಲ

ಹೃದಯ ಕಾಯಿಲೆ ತಡೆಯುವ ಯೋಜನೆಗೆ ಸಿನಿಮಾ ನಟರ ಹೆಸರು, ಮುಖ ಯಾಕೆ, ಅದು ಬರೀ ಪ್ರಚಾರದ ಗೀಳು ಎಂದು ಪತ್ರಿಕೆಯಲ್ಲಿ ಬಂದ ಬರಹ ಓದಿ ಸಿಟ್ಟು ಬಂತು. ಬರೆದವರು ಒಮ್ಮೆ ರಾಯಚೂರು ಜಿಲ್ಲೆಯ ನಮ್ಮ ಕವಿತಾಳಕ್ಕೆ ಬರಲಿ. ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತ ಮೂವತ್ತರ ಹುಡುಗನಿಗೆ ಇಲ್ಲಿ ಸಿಗುವ ಮೊದಲ ಸಲಹೆ, 'ಗ್ಯಾಸ್ ಆಗ್ಯಾದ, ಸೋಡಾ ಕುಡದು ಮಲಕೋ' ಎಂಬುದು. ಇಸಿಜಿ ಏನಿದ್ದರೂ ಮುದುಕರಿಗೆ ಎಂಬ ನಂಬಿಕೆ.

2021ರ ಅಕ್ಟೋಬರ್ 29ರಂದು ನಟ 'ಅಪ್ಪು' ಪುನೀತ್ ರಾಜ್‌ಕುಮಾರ್ ಹೃದಯ ಸ್ತಂಭನದಿಂದ 46ನೇ ವಯಸ್ಸಿಗೇ ಹೋದಾಗ ಆ ನಂಬಿಕೆ ಅಲುಗಾಡಿತು. ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಮುಗಿಬಿದ್ದರು. ಪುನೀತ್ ಅವರ ಕಣ್ಣು ದಾನವಾದ ಸುದ್ದಿ ಕೇಳಿ ಸಾವಿರಾರು ಮಂದಿ ನೇತ್ರದಾನಕ್ಕೆ ಹೆಸರು ಬರೆಸಿದರು. ಯಾವ ಇಲಾಖೆಯ ಭಿತ್ತಿಪತ್ರ ಇಷ್ಟು ಮಾಡಿತ್ತು?

ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಜಯದೇವದಂಥ ಆಸ್ಪತ್ರೆಗಳ ತಜ್ಞರಿಗೆ ತಲುಪುತ್ತದೆ. ಹೃದಯಾಘಾತವಾಗಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದು ಉಚಿತ. ಆದರೆ ರೋಗಿ ಆಸ್ಪತ್ರೆಯ ಮೆಟ್ಟಿಲು ಹತ್ತಿದರೆ ತಾನೇ? ಹತ್ತಿಸುವುದು ಆ ಹೆಸರು.

ಹೆಸರೊಂದೇ ಸಾಲದು, ನಿಜ. ಹೃದಯ ದಿಢೀರ್ ನಿಂತಾಗ ಎದೆ ಒತ್ತಿ ಸಿಪಿಆರ್ ಮಾಡದೆ ಕಳೆದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಕುಸಿಯುತ್ತದೆ. ಹರೆಯದವರಲ್ಲಿ ಎಷ್ಟೋ ಸಲ ಕಾರಣ ವಂಶಪಾರಂಪರ್ಯದ್ದು. ಒಬ್ಬ ಮಗ ಹೋದ ಮನೆಯಲ್ಲಿ ಉಳಿದ ಮಕ್ಕಳಿಗೂ ತಪಾಸಣೆ ಬೇಕೇಬೇಕು. ಇದನ್ನೆಲ್ಲ ನಟರು ಬೆಂಗಳೂರಿನ ವೇದಿಕೆಗಳಲ್ಲಷ್ಟೇ ಹೇಳಿದರೆ ಆಗದು. ಮಾನ್ವಿ, ದೇವದುರ್ಗದ ಕಾಲೇಜು ಮೈದಾನಗಳಿಗೆ ಬಂದು, ಮಂಡಿಯೂರಿ, ಎದೆ ಒತ್ತುವುದನ್ನು ಮಾಡಿ ತೋರಿಸಲಿ.