ರೈಟ್ ಆಫ್ ಅಂದರೆ ಮನ್ನಾ ಅಲ್ಲ

ಸಿಬಿಲ್ ವರದಿಯಲ್ಲಿ ‘ರಿಟನ್ ಆಫ್’ ಎಂದು ಕಂಡ ಕ್ರೆಡಿಟ್ ಕಾರ್ಡ್ ಖಾತೆಗೆ ತಕರಾರು ಹಾಕುತ್ತಲೇ ಇದ್ದರೆ ಒಂದು ದಿನ ಅಳಿಸಿಹೋಗುತ್ತದೆ ಎಂಬ ಲೇಖನ ಓದಿದೆ. ಇದು ಸಲಹೆಯಲ್ಲ, ಸಾಲಗಾರನ ಕಿವಿಗೆ ಹೂವು.

ರೈಟ್ ಆಫ್ ಬ್ಯಾಂಕಿನ ಲೆಕ್ಕಪುಸ್ತಕದ ವ್ಯವಹಾರ. ಬಾಕಿ ಹಾಗೆಯೇ ಉಳಿಯುತ್ತದೆ, ವಸೂಲಿಯೂ ನಡೆಯುತ್ತದೆ. ತಕರಾರು ಬಂದಾಗ ಸಿಬಿಲ್ ಕೇಳುವುದು ಅದೇ ಬ್ಯಾಂಕನ್ನು. ‘ಮಾಹಿತಿ ಸರಿ’ ಎಂದು ಬ್ಯಾಂಕ್ ಹೇಳಿದರೆ ನೂರು ಅರ್ಜಿಗೂ ಅದೇ ಉತ್ತರ. ರಿಯಾಯಿತಿಯಲ್ಲಿ ಒಂದಿಷ್ಟು ಕಟ್ಟಿ ಮುಗಿಸಿದರೂ ‘ಸೆಟಲ್ಡ್’ ಎಂಬ ಕಲೆ ಉಳಿಯುತ್ತದೆ. ಲೇಖಕರು ಅದನ್ನೇಕೋ ಮರೆತಿದ್ದಾರೆ.

ತಪ್ಪು ನಮೂದಿನ ಮಾತು ಬೇರೆ. ಪೂರ್ತಿ ಕಟ್ಟಿದ ಮೇಲೂ ಬಾಕಿ ತೋರಿಸಿದ್ದರೆ, ಬೇರೆಯವರ ಕಾರ್ಡ್ ನಿಮ್ಮ ಪ್ಯಾನ್‌ಗೆ ಅಂಟಿದ್ದರೆ ಬಿಡಬೇಡಿ. ಬಾಕಿ ಇಲ್ಲ ಎಂಬ ಪತ್ರ ಲಗತ್ತಿಸಿ ದೂರು ಕೊಡಿ. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲೇ ಆದೇಶಿಸಿದೆ. ಅದಕ್ಕೂ ಜಗ್ಗದಿದ್ದರೆ ಒಂಬುಡ್ಸ್‌ಮನ್ ಇದ್ದಾರೆ.

‘ಸ್ಕೋರ್ ರಿಪೇರಿ’ ಏಜೆಂಟರಿಗೆ ದುಡ್ಡು ಸುರಿಯುವ ಮೊದಲು ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ನಿಮ್ಮ ವರದಿಯನ್ನು ತೆಗೆದು ಓದಿ.