ಹೊಳೆಯ ಮೇಲೆ ಬಹುಮತ

ಐವರು ಹೌದೆಂದು ಒಬ್ಬನು ಅಲ್ಲವೆಂದರೆ ಐವರ ಮಾತೇ ನಡೆಯತಕ್ಕದ್ದು ಎಂಬುದನ್ನು ರಾಜ್ಯಶಾಸ್ತ್ರದ ವಿದ್ಯಾರ್ಥಿಯಾದ ನಾನು ಮೂರು ವರ್ಷಗಳಿಂದ ಓದುತ್ತ ಬಂದಿದ್ದೇನೆ. ಪರೀಕ್ಷೆಯಲ್ಲಿ ಬರೆದು ಅಂಕಗಳನ್ನೂ ಪಡೆದಿದ್ದೇನೆ. ವಿಧಾನಸಭೆಗೂ ನಮ್ಮ ವಿದ್ಯಾರ್ಥಿ ಸಂಘಕ್ಕೂ ಈ ನಿಯಮ ಸರಿಯೇ. ಆದರೆ ಗಾಳಿಮಳೆಯ ದಿನ ಹೊಳೆಯ ದಡದಲ್ಲಿ ನಿಂತು, ಹರಿಗೋಲನ್ನು ನೀರಿಗಿಳಿಸಬೇಕೇ ಬೇಡವೇ ಎಂಬುದನ್ನು ಕೈಯೆತ್ತಿಸಿ ತೀರ್ಮಾನಿಸುವುದು ಮಾತ್ರ ಸರಿಯಲ್ಲವೆಂದು ನನ್ನ ಅಭಿಪ್ರಾಯ. ಅಲ್ಲಿ ಹುಟ್ಟು ಹಿಡಿದವನು ‘ಬೇಡ’ ಎಂದರೆ ಆ ಮಾತಿಗೆ ಮೇಲ್ಮನವಿ ಇರಕೂಡದು. ಅಷ್ಟೇ ಅಲ್ಲ, ‘ಬೇಡ’ ಎಂದ ದಿನದ ಕೂಲಿಯೂ ಅವನಿಗೆ ಸಲ್ಲಬೇಕು. ಈ ಎರಡನೆಯ ಮಾತನ್ನು ಕೇಳಿ ನನ್ನ ಮಿತ್ರರು ನಕ್ಕಿದ್ದುಂಟು. ವಾಚಕರು ನಗುವುದಕ್ಕೆ ಮೊದಲು ನನ್ನ ವಾದವನ್ನು ಕೇಳಬೇಕೆಂದು ಪ್ರಾರ್ಥನೆ.

ಚಳಿಗಾಲ ಬಂತೆಂದರೆ ನಮ್ಮ ಕಡೆಯ ತರುಣರಿಗೆ ಗಾಳದ ನೆನಪಾಗುತ್ತದೆ. ಅದಕ್ಕೆ ಕಾರಣವಿಲ್ಲದೆ ಇಲ್ಲ. ಮುಂಗಾರಿನಲ್ಲಿ ಕೆಂಪಾಗಿ ಉಕ್ಕಿದ ಹೊಳೆ ಕಾರ್ತಿಕ ಮಾರ್ಗಶಿರದ ವೇಳೆಗೆ ತಿಳಿಯಾಗುತ್ತದೆ. ಮೀನಿಗೆ ಗಾಳಕ್ಕೆ ಚುಚ್ಚಿದ ರಾಗಿಹಿಟ್ಟಿನ ಉಂಡೆ ಕಾಣುತ್ತದೆ, ನಮಗೆ ಕಾಲಿಡುವ ಬಂಡೆ ಕಾಣುತ್ತದೆ. ಈ ಹವ್ಯಾಸ ಹೊಸದೂ ಅಲ್ಲ. ಇಂಗ್ಲಿಷ್ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್ ನಮ್ಮ ದೇಶದ ಗಾಳದ ಬೇಟೆಯನ್ನು ಕುರಿತು 1873ರಲ್ಲಿಯೇ ದೊಡ್ಡ ಪುಸ್ತಕ ಬರೆದನು. ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ 120 ಪೌಂಡಿನ ಬಿಳಿಮೀನಿನ ಕಥೆಯನ್ನು ಇಂದಿಗೂ ಹೇಳುತ್ತಾರೆ. ಆಮೇಲೆ ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಶಿಬಿರಗಳಾದವು. ಪರದೇಶದವರು ಬಂದು ಮೀನು ಹಿಡಿದು, ತೂಗಿ, ಅದರೊಡನೆ ಭಾವಚಿತ್ರ ತೆಗೆಸಿಕೊಂಡು, ಮತ್ತೆ ಹೊಳೆಗೇ ಬಿಡುತ್ತಿದ್ದರು. ಅಲ್ಲಿ ಅವರಿಗೆ ದಾರಿ ತೋರಿಸಿದವರು ಹೊಳೆಯ ಪಕ್ಕದ ಹಳ್ಳಿಗರು. ಹಿಂದೆ ಮದ್ದು ಸಿಡಿಸಿ ಕಳ್ಳತನದಿಂದ ಮೀನು ಹಿಡಿಯುತ್ತಿದ್ದವರೂ ಅವರಲ್ಲಿ ಇದ್ದರು. ವನ್ಯಜೀವಿ ಧಾಮದೊಳಗಿನ ಆ ಆಟ ಈಗ ನಿಂತಿದೆ. ಕಾವೇರಿಯ ಗೂನುಬೆನ್ನಿನ ಬಿಳಿಮೀನೇ ಅಳಿವಿನ ಅಂಚಿಗೆ ಬಂದು, 2018ರಲ್ಲಿ ಅತ್ಯಂತ ಗಂಡಾಂತರದಲ್ಲಿರುವ ಜೀವಿಗಳ ಪಟ್ಟಿ ಸೇರಿತು. ಇರಲಿ. ನಾನು ಹೇಳಬೇಕೆಂದಿರುವುದು ಮೀನಿನ ವಿಷಯವಲ್ಲ. ಬೇಟೆಯ ಕಥೆಗಳಲ್ಲಿ ಗಾಳ ಹಿಡಿದವನ ಹೆಸರಿರುತ್ತದೆ, ಮೀನಿನ ತೂಕವಿರುತ್ತದೆ. ಹರಿಗೋಲಿನಲ್ಲಿ ಹುಟ್ಟು ಹಾಕಿದವನ ಹೆಸರು ಎಲ್ಲೋ ಅಪರೂಪಕ್ಕೆ ಸಿಕ್ಕೀತು.

2024ರ ನವೆಂಬರ್ 30, ಶನಿವಾರ, ನಾವು ಆರು ಮಂದಿ ಸಹಪಾಠಿಗಳು ನನ್ನ ಸೋದರಮಾವನ ಊರಿಗೆ ಹೋದೆವು. ತಿರುಮಕೂಡಲಿನಲ್ಲಿ ಕಬಿನಿ ಕಾವೇರಿಯನ್ನು ಕೂಡಿದ ಮೇಲೆ ಕೆಳಕ್ಕೆ ಕೆಲವು ಮೈಲಿಗಳ ದೂರದಲ್ಲಿರುವ ಹಳ್ಳಿ ಅದು. ಮಾವನಿಗೆ ಅರವತ್ತು ದಾಟಿದೆ. ಹೆಬ್ಬೆಟ್ಟಿನ ಗುರುತು ಹಾಕಿ ಪಡೆದ ಮೀನು ಹಿಡಿಯುವ ಪರವಾನಗಿ ಚೀಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೂರಿಗೆ ಸಿಕ್ಕಿಸಿಟ್ಟಿರುತ್ತಾನೆ. ಅಂದು ಸಂಜೆ ದಡದಲ್ಲಿ ಕುಳಿತು ನಾಲ್ಕು ಜಿಲೇಬಿ ಮೀನು, ಒಂದು ಗೆಂಡೆ ಹಿಡಿದೆವು. ಅತ್ತೆ ಮಾಡಿದ ಸಾರು, ಮುದ್ದೆಯ ರುಚಿಯನ್ನು ನನ್ನ ಪಟ್ಟಣದ ಮಿತ್ರರು ಇಂದಿಗೂ ಹೊಗಳುತ್ತಾರೆ. ಮರುದಿನ ಹರಿಗೋಲಿನಲ್ಲಿ ಹೊಳೆಯ ನಡುವಿನ ಬಂಡೆಗಳಾಚೆಯ ಮಡುವಿಗೆ ಹೋಗುವುದೆಂದು ಮಾತಾಗಿತ್ತು; ಮಾವನಿಗೆ ದಿನಕ್ಕೆ ಆರುನೂರು ರೂಪಾಯಿ.

ಅದೇ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿಯ ಬಳಿ ದಡ ಮುಟ್ಟಿತು. ಪುದುಚೇರಿ ಎಲ್ಲಿ, ನಮ್ಮ ಹಳ್ಳಿ ಎಲ್ಲಿ! ಆದರೂ ಭಾನುವಾರ ಬೆಳಗ್ಗೆ ಎದ್ದರೆ ಮೋಡ ಮುಸುಕಿ, ಸೋನೆ ಹಿಡಿದು, ಮೂಡಣ ಗಾಳಿ ಕಂಬಳಿಯೊಳಕ್ಕೂ ನುಗ್ಗುತ್ತಿತ್ತು. ನಾವು ಏಳುವುದಕ್ಕೆ ಮೊದಲೇ ಮಾವ ಎರಡು ಸಲ ಹೊಳೆಯ ಬಳಿ ಹೋಗಿ ಬಂದಿದ್ದನು.

"ಇವತ್ತು ಬ್ಯಾಡ ಕಣ್ರಪ್ಪ. ಗಾಳಿ ಮೂಡ್ಲಿಂದ ಬತ್ತಾ ಅದೆ. ತೆಪ್ಪ ನಿಲ್ಲಕ್ಕಿಲ್ಲ."

ಮಿತ್ರರೊಬ್ಬರು ಮೊಬೈಲು ತೆಗೆದು ಹತ್ತು ಗಂಟೆಗೆ ಮಳೆ ನಿಲ್ಲುವುದೆಂದು ತೋರಿಸಿದರು. ಇನ್ನೊಬ್ಬರು ಬಹುಮತಕ್ಕೆ ಹಾಕೋಣವೆಂದರು. ಹೋಗುವ ಕಡೆ ಐದು ಕೈ, ಬೇಡವೆನ್ನುವ ಕಡೆ ನನ್ನದೊಂದೇ. ಮಾವನ ಕೈಯನ್ನು ಯಾರೂ ಎಣಿಸಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಕೊನೆಗೆ, ಮೇಲೆ ಐನೂರು ಕೊಡುತ್ತೇವೆಂಬ ಮಾತು ಬಂತು. ಅದುವರೆಗೆ ಧೈರ್ಯವಾಗಿ ಮಾತಾಡುತ್ತಿದ್ದ ಮಾವ ಸುಮ್ಮನಾದನು. ಆ ಮೌನವನ್ನು ನಾನು ಬಲ್ಲೆ. ನಮ್ಮ ಮನೆಯಲ್ಲಿಯೂ ಅದನ್ನು ಕಂಡಿದ್ದೇನೆ. ಅವನು ನನ್ನ ಕಡೆ ತಿರುಗಿ, "ನೀನೇನಂತೀಯ ಮಗ? ಓದ್ದೋನು ನೀನು" ಎಂದನು. "ನೀ ಹೇಳ್ದಂಗೆ ಮಾವ" ಎಂದೆ. ಅವನು ಹೋಗಿ ಹರಿಗೋಲನ್ನು ದಡದ ಮೇಲೆ ಬೋರಲು ಹಾಕಿ ಬಂದನು.

ಮುಂದೆ ಏನಾಯಿತೆಂದು ವಾಚಕರು ಕೇಳಬಹುದು. ಏನೂ ಆಗಲಿಲ್ಲ. ಪ್ರವಾಹ ಬರಲಿಲ್ಲ, ಯಾರೂ ಮುಳುಗಲಿಲ್ಲ. ದಿನವಿಡೀ ಜಗಲಿಯಲ್ಲಿ ಕುಳಿತು ಹುರುಳಿಕಾಳು ತಿಂದು ಸಂಜೆಯ ಬಸ್ಸಿಗೆ ಹೊರಟೆವು. "ನೋಡಿದೆಯಾ, ಹೋಗಿದ್ದರೆ ಏನಾಗುತ್ತಿತ್ತು?" ಎಂದು ಮಿತ್ರರು ಇಂದಿಗೂ ನನ್ನನ್ನು ಛೇಡಿಸುತ್ತಾರೆ. ಇದು ವಿಚಿತ್ರವಾದ ತರ್ಕ. ಹೋಗಿ ಮುಳುಗಿದ್ದರೆ ಮಾವನ ಮಾತು ಸರಿ, ಹೋಗದೆ ಉಳಿದದ್ದರಿಂದ ಅವನ ಮಾತು ತಪ್ಪು! ಹಾಗಾದರೆ ಅವನು ತನ್ನ ಮಾತು ಸರಿಯೆಂದು ತೋರಿಸಲು ನಮ್ಮಲ್ಲಿ ಒಬ್ಬನ ಹೆಣವನ್ನಾದರೂ ತೇಲಿಸಬೇಕಾಗುತ್ತದೆ.

ಮಾವ ಕಂಡದ್ದೇನು? ಹರಿಗೋಲು ದುಂಡಗಿರುತ್ತದೆ, ಹಗುರ. ದೋಣಿಗಿರುವಂತೆ ಮುಂದು ಹಿಂದು ಎಂಬುದಿಲ್ಲ. ಗಾಳಿ ಹಿಡಿದರೆ ಬುಗುರಿಯಂತೆ ತಿರುಗುತ್ತದೆ. ಹೊಳೆ ಮೂಡಣಕ್ಕೆ ಹರಿಯುವ ಕಡೆ ಮೂಡಣದಿಂದಲೇ ಗಾಳಿ ಬೀಸಿದರೆ ಹರಿವಿಗೆ ಎದುರಾಗಿ ಗಿಡ್ಡ ಅಲೆಗಳೇಳುತ್ತವೆ. ಏಳು ಜನ ಕುಳಿತು ಅಂಚು ನೀರಿನ ಸಮಕ್ಕೆ ಇಳಿದ ಹರಿಗೋಲಿಗೆ ಅಷ್ಟು ಸಾಕು. ಇನ್ನೊಂದು ಮಾತು. ಆ ಹಳ್ಳಿಯ ಮುಂದೆ ಹರಿಯುವುದು ಎರಡು ಅಣೆಕಟ್ಟುಗಳ ನೀರು. ಕೃಷ್ಣರಾಜಸಾಗರದಿಂದ ಕಾವೇರಿ, ಬೀಚನಹಳ್ಳಿಯ ಜಲಾಶಯದಿಂದ ಕಬಿನಿ. ಎಲ್ಲಿ ಬಾಗಿಲು ತೆರೆದರೂ ನೀರು ಇಲ್ಲಿಗೆ ಬರುವುದು ಎಷ್ಟೋ ಗಂಟೆಗಳ ಮೇಲೆ. ತಲೆಯ ಮೇಲೆ ಬಿಸಿಲು ಕಾಯುತ್ತಿರುವಾಗಲೂ ಕಾಲ ಕೆಳಗಿನ ಬಂಡೆ ಮುಳುಗಬಹುದು. ಮೊಬೈಲು ನಾವು ನಿಂತಲ್ಲಿಯ ಮಳೆಯನ್ನು ಹೇಳೀತು. ಹೊಳೆ ಎಲ್ಲೆಲ್ಲಿಯ ಮಳೆಯನ್ನು ಹೊತ್ತು ತರುತ್ತಿದೆಯೆಂಬುದನ್ನು ನೀರಿನ ಬಣ್ಣ ತಿರುಗಿದೆಯೇ, ನೊರೆ ಬಂದಿದೆಯೇ, ಕಸಕಡ್ಡಿ ತೇಲುತ್ತಿದೆಯೇ ಎಂದು ನೋಡಿ ತಿಳಿಯಬೇಕು. ಮಾವ ಬೆಳಗ್ಗೆ ಎರಡು ಸಲ ಹೋಗಿ ಬಂದದ್ದು ಅದಕ್ಕೇ.

ಹರಿಗೋಲಿನವರೆಲ್ಲರೂ ಜ್ಞಾನಿಗಳೇನು ಎಂದು ಕೇಳುವವರುಂಟು. ಅಲ್ಲ. ರಜೆಯ ದಿನ ನದೀತೀರದ ಕ್ಷೇತ್ರಗಳಿಗೆ ಹೋಗಿ ನೋಡಿದರೆ, ಐದು ಜನ ಹಿಡಿಸುವ ಹರಿಗೋಲಿಗೆ ಹತ್ತು ಜನರನ್ನು ತುಂಬುವ ಮಹಾನುಭಾವರು ಸಿಗುತ್ತಾರೆ. ಆದ್ದರಿಂದಲೇ ನಾನು ಕೇಳುತ್ತಿರುವುದು ‘ಬೇಡ’ ಎನ್ನುವ ಅಧಿಕಾರವನ್ನು ಮಾತ್ರ. ಅವನು ‘ಆಗಲಿ’ ಎಂದ ಮಾತ್ರಕ್ಕೆ ನಾವು ಹತ್ತಲೇಬೇಕೆಂದಿಲ್ಲ. ಗುಂಪಿನಲ್ಲಿ ಈಜು ಬಾರದವನೊಬ್ಬನು ಹಿಂಜರಿದರೆ ಅವನ ‘ಬೇಡ’ಕ್ಕೂ ಅಷ್ಟೇ ಬೆಲೆಯಿರಲಿ. ತೇಲುವ ಅಂಗಿಗಳಿಲ್ಲದೆ ಹೊರಡಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಬಹುಮತದಲ್ಲಿ ಸೋತವನು ಮುಂದಿನ ಚುನಾವಣೆಗೆ ಕಾಯಬಹುದು. ಹೊಳೆಯಲ್ಲಿ ಆ ಅನುಕೂಲವಿಲ್ಲ.

ಸಾಹಸವಿಲ್ಲದ ತಾರುಣ್ಯವೂ ಒಂದು ತಾರುಣ್ಯವೇ ಎಂದು ಕೇಳುವವರಿಗೆ ನನ್ನ ಉತ್ತರ ಚಿಕ್ಕದು. ಸಾಹಸ ನಮ್ಮದಾಗಿ ಅಪಾಯವೂ ನಮ್ಮದಾಗಿದ್ದರೆ ಸರಿ. ಐನೂರು ರೂಪಾಯಿಯಿಂದ ಒಬ್ಬ ಬಡವನ ವಿವೇಕವನ್ನು ಕೊಂಡು, ಅವನನ್ನೂ ನೀರಿಗಿಳಿಸುವುದಕ್ಕೆ ಸಾಹಸವೆಂಬ ಹೆಸರು ಒಪ್ಪುವುದಿಲ್ಲ.

ಇನ್ನು ಕೂಲಿಯ ಮಾತು. ಅಂದು ಹೊರಡುವಾಗ ಆರುನೂರು ರೂಪಾಯಿ ಕೊಡೋಣವೆಂದೆ. ಇಬ್ಬರು ಒಪ್ಪಿದರು, ಮೂವರು ಕೆಲಸವೇ ನಡೆಯಲಿಲ್ಲವಲ್ಲ ಎಂದರು. ನಮ್ಮ ಮೂವರ ಪಾಲು ಮುನ್ನೂರನ್ನು ಮಾವನ ಮುಂದೆ ಹಿಡಿದರೆ, "ಗೇಯ್ದೆ ಇದ್ದ ಕಾಸು ನಂಗ್ಯಾಕ್ ಮಗ" ಎಂದು ಅವನೂ ಮೂವರ ಪಕ್ಷವನ್ನೇ ಸೇರಿಬಿಟ್ಟನು! ನನಗೆ ಮಾವನ ಮೇಲೆ ಬಹಳ ಗೌರವವಿದ್ದರೂ ಈ ಒಂದು ವಿಷಯದಲ್ಲಿ ಅವನ ಮಾತನ್ನು ನಾನು ಒಪ್ಪಲಾರೆ. ಕಳ್ಳ ಬಾರದ ರಾತ್ರಿಯ ಸಂಬಳವನ್ನು ಕಾವಲುಗಾರನಿಂದ ಯಾರೂ ಮುರಿದುಕೊಳ್ಳುವುದಿಲ್ಲ. ಕತ್ತಲಲ್ಲಿ ಎದ್ದು, ಎರಡು ಸಲ ಹೊಳೆಗೆ ಹೋಗಿ, ನೀರು ನೋಡಿ, ಗಾಳಿ ನೋಡಿ, ಆರು ಜನರ ಜೀವದ ವಿಷಯದಲ್ಲಿ ತೀರ್ಪು ಕೊಟ್ಟದ್ದು ಕೆಲಸವಲ್ಲದಿದ್ದರೆ ನಮ್ಮ ಅಧ್ಯಾಪಕರು ಪಾಠ ಹೇಳುವುದೂ ಕೆಲಸವಲ್ಲ. ಹುಟ್ಟು ಹಾಕಿದರೆ ಮಾತ್ರ ಕೂಲಿ ಎಂದಾಗ, ಎಂಥ ಕೆಟ್ಟ ದಿನವೂ ಅವನಿಗೆ ಒಳ್ಳೆಯ ದಿನವಾಗಿ ಕಾಣಬೇಕಾಗುತ್ತದೆ. ಒಲೆಯ ಮೇಲಿನ ಮಡಕೆ ‘ಹೋಗು’ ಎನ್ನುತ್ತಿರುವಾಗ ಹೊಳೆ ‘ಬೇಡ’ ಎಂದದ್ದು ಎಷ್ಟು ದಿನ ಕೇಳಿಸೀತು?

ನಮ್ಮ ವಂಶದಲ್ಲಿ ಪದವಿಯವರೆಗೆ ಬಂದವನು ನಾನೇ ಮೊದಲು. ಅದರಿಂದಲೋ ಏನೋ, ಊರಿಗೆ ಹೋದಾಗ ಮಳೆ ಬರುತ್ತದೆಯೇ ಎಂದು ನನ್ನನ್ನು ಕೇಳುತ್ತಾರೆ; ಮಳೆಯ ವಿಷಯ ನನಗೆ ಕಲಿಸಿದವರೇ ನನ್ನನ್ನು ಕೇಳುತ್ತಾರೆ. ಅಂದು ಮಾವ ನನ್ನ ಕಡೆ ತಿರುಗಿದ್ದು ಹೊಳೆಯ ವಿಷಯ ತಿಳಿಯುವುದಕ್ಕಲ್ಲ, ಪಟ್ಟಣದವರ ಮುಂದೆ ತನ್ನ ಮಾತಿಗೆ ಓದಿದವನೊಬ್ಬನ ಮುದ್ರೆ ಬೀಳಲಿ ಎಂಬುದಕ್ಕೆ. ನಲವತ್ತು ವರ್ಷ ಹುಟ್ಟು ಹಾಕಿದವನಿಗೆ ಇಪ್ಪತ್ತು ವರ್ಷದವನ ಮುದ್ರೆ ಏಕೆ ಬೇಕಾಯಿತೆಂಬುದನ್ನು ಯೋಚಿಸಿದರೆ ನನಗೆ ಸಂಕೋಚವಾಗುತ್ತದೆ.

ಮುಂದಿನ ಚಳಿಗಾಲಕ್ಕೆ ಹೋಗಬೇಕೆಂದು ಎರಡನೆಯ ವರ್ಷದ ತರಗತಿಯ ಕೆಲವರು ಈಗಾಗಲೇ ಮಾವನ ಮೊಬೈಲು ನಂಬರು ಕೇಳಿದ್ದಾರೆ. ಕೊಟ್ಟಿದ್ದೇನೆ, ಜೊತೆಗೆ ಒಂದು ಷರತ್ತನ್ನೂ ಹೇಳಿದ್ದೇನೆ. ಭಾನುವಾರದ ಕೂಲಿಯನ್ನು ಶನಿವಾರ ರಾತ್ರಿಯೇ, ಮರುದಿನದ ಹೊಳೆಯ ಮುಖ ನೋಡುವುದಕ್ಕೆ ಮೊದಲೇ ಕೊಟ್ಟುಬಿಡಬೇಕು. ಮಾವನ ಕೈಗಲ್ಲ, ಅತ್ತೆಯ ಕೈಗೆ. ಅತ್ತೆ ಬೇಡವೆನ್ನುವುದಿಲ್ಲ.