ವಿಗಾನಿನ ನೇಣುಗಂಬ

1763ರ ಸೆಪ್ಟೆಂಬರ್ 20ರಂದು ಫಿಲಿಪೈನ್ಸಿನ ವಿಗಾನ್ ಪಟ್ಟಣದಲ್ಲಿ ಸ್ಪೇನಿನ ಸರ್ಕಾರ ಒಬ್ಬ ಹೆಂಗಸನ್ನು ಎಲ್ಲರೆದುರು ಗಲ್ಲಿಗೇರಿಸಿತು. ಹೆಸರು ಗೇಬ್ರಿಯೆಲಾ ಸಿಲಾಂಗ್. ಗಂಡನ ಸೇಡಿಗಾಗಿ ಕತ್ತಿ ಹಿಡಿದ ವಿಧವೆ ಎಂದಷ್ಟೇ ಹೇಳಿ ಮುಗಿಸುವವರಿದ್ದಾರೆ. ನಾವು ಅದನ್ನು ಒಪ್ಪುವುದಿಲ್ಲ.

ಜಗಳ ಹೊಟ್ಟೆಯದು. ತಲೆಗಂದಾಯ ಒಂದು ಕಡೆ. ಗಂಡಾಳುಗಳಿಗೆ ವರ್ಷಕ್ಕೆ 40 ದಿನದ ಬಿಟ್ಟಿ ದುಡಿಮೆ ಇನ್ನೊಂದು ಕಡೆ. ಸಾಲದ್ದಕ್ಕೆ ಪ್ರಾಂತದ ಅಧಿಕಾರಿಗೇ ವ್ಯಾಪಾರದ ಪರವಾನಗಿ! ಕಂದಾಯ ಎತ್ತುವ ಕೈಯೇ ತಕ್ಕಡಿಯನ್ನೂ ಹಿಡಿದರೆ ಧಾರಣೆ ಯಾರದಾಗುತ್ತದೆಂದು ಪೇಟೆಯ ಚಿಲ್ಲರೆ ವರ್ತಕರಿಗೆ ನಾವು ಬಿಡಿಸಿ ಹೇಳಬೇಕೆ?

1762ರ ಡಿಸೆಂಬರಿನಲ್ಲಿ ಆಕೆಯ ಗಂಡ ಡಿಯೇಗೊ ದಂಗೆಯೆದ್ದ. ಅಷ್ಟರಲ್ಲಿ ಮದರಾಸಿನಿಂದ ಹೊರಟಿದ್ದ ಇಂಗ್ಲಿಷ್ ಪಡೆ ಮನಿಲಾ ಹಿಡಿದಿತ್ತು. ನಮ್ಮ ದಕ್ಷಿಣದ ಸಿಪಾಯಿಗಳೂ ಅದರಲ್ಲಿದ್ದರು. ಡಿಯೇಗೊ ಇಂಗ್ಲಿಷರನ್ನು ನಂಬಿದ. ಪದವಿ ಬಂತು, ಪಡೆ ಬರಲಿಲ್ಲ. ಒಬ್ಬ ದೊರೆಯನ್ನು ಓಡಿಸಲು ಇನ್ನೊಬ್ಬ ದೊರೆಯ ಬಾಗಿಲು ತಟ್ಟಿದ್ದು ತಪ್ಪೆಂದೇ ನಮ್ಮ ಮತ. 1763ರ ಮೇ 28ರಂದು ಪರಿಚಯದವನಾದ ಮಿಗೆಲ್ ವಿಕೋಸನೇ ಅವನನ್ನು ಗುಂಡಿಟ್ಟು ಕೊಂದ. ಅದರ ಹಿಂದೆ ಚರ್ಚಿನ ಅಧಿಕಾರಿಗಳ ಚಿತಾವಣೆಯಿತ್ತು.

ದಂಗೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಗೇಬ್ರಿಯೆಲಾ ಆಬ್ರಾದ ಬೆಟ್ಟಗಳಿಗೆ ಹಿಂದೆಗೆದು, ಚದುರಿದ ರೈತರನ್ನೂ ಬೆಟ್ಟದ ಬುಡಕಟ್ಟಿನವರನ್ನೂ ಕೂಡಿಸಿದಳು. ಸೆಪ್ಟೆಂಬರ್ 10ರಂದು ವಿಗಾನಿಗೇ ನುಗ್ಗಿದಳು. ಸೋತಳು, ಸಿಕ್ಕಿಬಿದ್ದಳು. ಸಂಗಡಿಗರೊಡನೆ ನೇಣು. ಸೇಡೊಂದೇ ಆಗಿದ್ದರೆ ಇಷ್ಟು ಜನ ಆಕೆಯ ಬೆನ್ನಿಗೆ ಏಕೆ ನಿಲ್ಲುತ್ತಿದ್ದರು?

ಆ ತಲೆಗಂದಾಯ ರದ್ದಾದದ್ದು 121 ವರ್ಷಗಳ ಮೇಲೆ, 1884ರಲ್ಲಿ. ಬಿಟ್ಟಿಯೂ 15 ದಿನಕ್ಕಿಳಿಯಿತು. ಕಂದಾಯದ ಜಾಗಕ್ಕೆ ಮಾತ್ರ ಗುರುತುಚೀಟಿಯ ಹೆಸರಿನಲ್ಲಿ ಬೇರೊಂದು ತೆರಿಗೆ ಬಂದು ಕುಳಿತಿತು.